ಫೋಟೊ ಓಕೆ, ಪೂಜೆ ಯಾಕೆ?

ಗ್ರೀಸಿನ ಅಥೆನ್ಸ್‌ನಲ್ಲಿ ಹಳೇ ಕಾಲದ ದೇವರಾಜ ಝ್ಯೂಸ್‌ನ ದೊಡ್ಡ ಗುಡಿಯೊಂದಿದೆ. ಪಾಯ ಬಿದ್ದದ್ದು ಕ್ರಿ.ಪೂ. 6ನೆಯ ಶತಮಾನದಲ್ಲಿ, ಕೆಲಸ ಮುಗಿದದ್ದು ಕ್ರಿ.ಶ. 2ನೆಯ ಶತಮಾನದಲ್ಲಿ, ಅದೂ ರೋಮಿನ ದೊರೆ ಹೇಡ್ರಿಯನ್ ಕೈಹಾಕಿದ ಮೇಲೆ. ನಮ್ಮ ಲೋಕೋಪಯೋಗಿ ಇಲಾಖೆಯವರು ಓದಿ ಸಮಾಧಾನಪಟ್ಟುಕೊಳ್ಳಲಿ. 104 ಕಂಬಗಳಲ್ಲಿ ಈಗ ನಿಂತಿರುವುದು 15. ಅವುಗಳಿಗೆ ಬೆನ್ನುಮಾಡಿ ಸೆಲ್ಫಿ ತೆಗೆದುಕೊಳ್ಳಿ, ಯಾರ ತಕರಾರೂ ಇಲ್ಲ. ಮುಖಮಾಡಿ ಕೈಯೆತ್ತಿದಿರೋ, ಅನುಮತಿ ಪತ್ರ ಎಲ್ಲಿ?

2007ರ ಜನವರಿ ಚಳಿಯಲ್ಲಿ ಆ ಹಳೇ ದೇವರುಗಳನ್ನು ಇಂದಿಗೂ ನಂಬುವ ಎಲ್ಲಿನಾಯಿಸ್ ಎಂಬ ಸಂಘದ ಒಂದಷ್ಟು ಜನ ಹಳೇ ಕಾಲದ ನಿಲುವಂಗಿ ತೊಟ್ಟು ಬಂದು ಇಲ್ಲಿ ಝ್ಯೂಸ್‌ನನ್ನು ಕರೆದರು. ಸಂಘಕ್ಕೆ ಹಿಂದಿನ ವರ್ಷವೇ ಕೋರ್ಟಿನ ಮಾನ್ಯತೆ ಸಿಕ್ಕಿತ್ತು. ಸಂಸ್ಕೃತಿ ಇಲಾಖೆ ಮಾತ್ರ ಸುತರಾಂ ಒಪ್ಪಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತೇವಲ್ಲ. ಇಲ್ಲಿ ಪೂಜಾರಿ ಹೋಗಿ ಹದಿನಾರು ಶತಮಾನವಾಗಿ, ಆ ಹುದ್ದೆ ಪುರಾತತ್ವದವರ ಪಾಲಾಗಿದೆ.

ಭಕ್ತರೇನೂ ಕಡಿಮೆಯಲ್ಲ. ಹೋಮರನ ಕಾಲದ ದೇವರಿಗೆ ನೂರು ಎತ್ತಿನ ಬಲಿಯ ಹೊಗೆ ಬೇಕಿತ್ತು. ಈಗ ಡಾಕ್ಟರು ಪಥ್ಯ ಬರೆದುಕೊಟ್ಟ ಹಾಗೆ ಹಾಲು, ಜೇನು, ಧೂಪ. ಕೇಳಿದ ವರವೋ, ವಿಶ್ವಶಾಂತಿ. ಟ್ರಾಯ್ ಯುದ್ಧವನ್ನು ಹತ್ತು ವರ್ಷ ಮೇಲಿಂದ ಕೂತು ನೋಡಿದವನ ಹತ್ತಿರ!

ಈ ಹಳೇ ದೇವರುಗಳ ಧರ್ಮಕ್ಕೆ ತನ್ನ ಊರಲ್ಲೇ ಸರ್ಕಾರದ ಗುರುತಿನ ಚೀಟಿ ಸಿಕ್ಕಿದ್ದು 2017ರಲ್ಲಿ. ಗ್ರೀಸಿನ ಸಂವಿಧಾನದ 3ನೆಯ ವಿಧಿಯ ಪ್ರಕಾರ ಆರ್ಥಡಾಕ್ಸ್ ಚರ್ಚಿನದೇ ಪ್ರಧಾನ ಧರ್ಮ. ಒಲಿಂಪಸ್ ಬೆಟ್ಟದ ಹಳೇ ದೇವರುಗಳು ಹೊಸದಾಗಿ ಬಾಡಿಗೆಗೆ ಬಂದವರ ಲೆಕ್ಕ.

ಹಾಗಂತ ಸರ್ಕಾರಕ್ಕೆ ಭಕ್ತಿಯಿಲ್ಲ ಅನ್ನಬೇಡಿ. ಅದರ 2 ಯೂರೊ ನಾಣ್ಯದ ಮೇಲೆ ಹೋರಿ ವೇಷದ ಝ್ಯೂಸ್ ಯೂರೋಪಾ ಎಂಬ ಹುಡುಗಿಯನ್ನು ಹೊತ್ತೊಯ್ಯುತ್ತಿದ್ದಾನೆ. ಪೂಜೆಗೆ ಅಡ್ಡಿ, ಅಪಹರಣಕ್ಕೆ ಟಂಕಸಾಲೆ. ಒಲಿಂಪಿಯಾದ ಹೇರಾ ಗುಡಿಯೆದುರು ನಟಿಯೊಬ್ಬಳು ಪ್ರಧಾನ ಅರ್ಚಕಿಯಾಗಿ ಸೂರ್ಯದೇವ ಅಪೊಲೊವನ್ನು ಪ್ರಾರ್ಥಿಸಿ, ಕನ್ನಡಿಯಲ್ಲಿ ಬಿಸಿಲು ಹಿಡಿದು ಕ್ರೀಡಾಜ್ಯೋತಿ ಹೊತ್ತಿಸುತ್ತಾಳೆ. ಈ ಸನಾತನ ವಿಧಿ ಶುರುವಾದದ್ದು 1936ರಲ್ಲಿ, ಬರ್ಲಿನ್ ಒಲಿಂಪಿಕ್ಸ್‌ಗೆ. ಗಣ್ಯರೆಲ್ಲ ಹಾಜರ್, ಟೀವಿಯಲ್ಲಿ ನೇರಪ್ರಸಾರ. ನಟಿಸಿದರೆ ಪರಂಪರೆ, ನಂಬಿದರೆ ಅತಿಕ್ರಮಣ.

2024ರಲ್ಲಿ ಜ್ಯೋತಿ ಹೊತ್ತಿಸುವ ದಿನ ಮೋಡ ಕವಿದಿತ್ತು. ಎಷ್ಟು ಕರೆದರೂ ಅಪೊಲೊ ಬರಲಿಲ್ಲ. ತಾಲೀಮಿನಲ್ಲಿ ಹೊತ್ತಿಸಿ ಎತ್ತಿಟ್ಟಿದ್ದ ಸ್ಟೆಪ್ನಿ ಬೆಂಕಿಯನ್ನೇ ತಂದು ಮಾನ ಉಳಿಸಿಕೊಂಡರು. ಪ್ಯಾರಿಸ್ ಮುಟ್ಟಿದ ಮೇಲೆ ಅಗ್ನಿಕುಂಡದಲ್ಲಿ ಅದಕ್ಕೂ ಜಾಗವಿರಲಿಲ್ಲ. ಅಲ್ಲಿ ಉರಿದದ್ದು ಎಲ್‌ಇಡಿ ದೀಪ, ಮೇಲೆ ನೀರಿನ ಮಂಜು.