ಮೊದಲು ಫೋರ್ ಲೋ ಹಾಕಿ ನೋಡು, ತಮ್ಮಾ

ಪಕ್ಕದ ಮನೆಯ ಹುಡುಗ ಡೀಸೆಲ್ ಥಾರ್ ತಂದಾಗಿನಿಂದ ನಮ್ಮಿಬ್ಬರ ಕಂಪೌಂಡ್ ಗೋಡೆಯ ಮೇಲಿನ ಮಾತಿಗೆ ಬೇರೆ ವಿಷಯವೇ ಇಲ್ಲ. ತೊಗರಿ ರೇಟು, ಹತ್ತಿಯ ಬೆಳೆ, ನಮ್ಮ ಸೈದಾಪುರ ಸ್ಟೇಷನ್ನಿನಲ್ಲಿ ಯಾವ ರೈಲು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬ ಖಾಯಂ ಮಾತುಗಳೆಲ್ಲ ಹಿಂದೆ ಸರಿದಿವೆ. ಮೊನ್ನೆ ಸಂಜೆ ಗೋಡೆಗೆ ಮೊಣಕೈ ಊರಿ ನಿಂತು ಕೇಳಿದ:

"ಕಾಕಾ, ಗಾಡೀಗಿ ರೀಮ್ಯಾಪ್ ಮಾಡಸ್ಬೇಕು ಅಂತ ಮಾಡೀನ್ರಿ. ಬೆಂಗಳೂರಾಗ ಮೂವತ್ತು ಸಾವಿರದಾಗ ಮಾಡಿಕೊಡ್ತಾರಂತ. ಪಿಕಪ್ ಡಬಲ್ ಆಗ್ತದಂತ್ರಿ."

"ಡಬಲ್ ಆಗಂಗಿಲ್ಲ ತಮ್ಮಾ," ಅಂದೆ. "ನೂರಕ್ಕ ಇಪ್ಪತ್ತು, ಭಾಳ ಅಂದ್ರ ಇಪ್ಪತ್ತೈದು. ಅಷ್ಟು ಆಗೋದು ಖರೇ. ಆದ್ರ ನಿನಗ ಅದು ಬೇಕೇನು ಅನ್ನೋದು ಬ್ಯಾರೆ ಮಾತು."

ಆ ಬೇರೆ ಮಾತು ಕತ್ತಲಾಗುವ ತನಕ ನಡೆಯಿತು. ಯಾದಗಿರಿ, ಶಹಾಪುರ, ಸುರಪುರದ ಕಡೆಯೂ ಈಗ ಫೋರ್ ಬೈ ಫೋರ್ ಗಾಡಿ ಇಟ್ಟುಕೊಂಡವರು ಕಾಣುತ್ತಾರೆ. ಅವರ ಕಿವಿಗೂ ಬೀಳಲಿ ಎಂದು ಇಲ್ಲಿ ಹೇಳುತ್ತಿದ್ದೇನೆ.

ಇಂಜಿನ್ನಿನಿಂದ ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಹಿಂಡುವ ಆಸೆ ಇಂದಿನದಲ್ಲ. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆನಿಂತ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು. ಆದರೂ ನಮ್ಮ ಕಡೆಯ ಮಿಸ್ತ್ರಿಗಳ ಬಾಯಲ್ಲಿ ಅದರ ಡೀಸೆಲ್ ಪಂಪು ಇನ್ನೂ ಮೈಕೋ ಪಂಪೇ. ಆ ಪಂಪಿನಲ್ಲಿ ಡೀಸೆಲಿನ ಮಿತಿ ಹಿಡಿಯುವ ಒಂದು ತಿರುಪು, ಅದಕ್ಕೊಂದು ತಂತಿಯ ಸೀಲು. ಟ್ರ್ಯಾಕ್ಟರ್ ಎಳೆಯುತ್ತಿಲ್ಲ ಎನಿಸಿದರೆ ಸೀಲು ಕಡಿದು ತಿರುಪನ್ನು ಒಂದಿಷ್ಟು ತಿರುವುತ್ತಿದ್ದರು. ಎಳೆತ ಬರುತ್ತಿತ್ತು, ಸೈಲೆನ್ಸರಿನಿಂದ ಕರೀ ಹೊಗೆಯೂ ಬರುತ್ತಿತ್ತು. ಇಂಜಿನ್ ಕಾದು ಕಾದು ಕೊನೆಗೆ ಹೆಡ್ ಬಿಚ್ಚುವ ಕೆಲಸಕ್ಕೆ ಬರುತ್ತಿತ್ತು.

ಈಗಿನ ಗಾಡಿಯಲ್ಲಿ ಆ ತಿರುಪಿಲ್ಲ. ಕಾರುಗಳ ಪೈಕಿ ಮೊದಲು 1997ರಲ್ಲಿ ಆಲ್ಫಾ ರೋಮಿಯೋ 156ರಲ್ಲಿ ಬಂದ ಕಾಮನ್ ರೈಲ್ ಪದ್ಧತಿ ಈಗ ಎಲ್ಲ ಡೀಸೆಲ್ ಕಾರುಗಳಲ್ಲೂ ಇದೆ. ಒಂದು ಗಟ್ಟಿ ಕೊಳವೆಯಲ್ಲಿ ಡೀಸೆಲ್ 1600 ಬಾರ್, ಅದಕ್ಕೂ ಮೇಲಿನ ಒತ್ತಡದಲ್ಲಿ ಕಾದಿರುತ್ತದೆ. ಯಾವ ಇಂಜೆಕ್ಟರು ಯಾವ ಕ್ಷಣದಲ್ಲಿ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂದು ಇಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಎಂ, ಹೇಳುತ್ತದೆ. ಹೇಳುವುದಕ್ಕೆ ಅದರೊಳಗೆ ಕೋಷ್ಟಕಗಳಿವೆ. ಇಂಜಿನ್ನಿನ ಸುತ್ತು ಇಷ್ಟಿದ್ದು, ಎಕ್ಸಲೇಟರ್ ಇಷ್ಟು ತುಳಿದಿದ್ದರೆ ಇಷ್ಟು ಎಳೆತ ಕೊಡು ಎಂಬುದು ಒಂದು. ಟರ್ಬೊ ಇಷ್ಟು ಗಾಳಿ ನೂಕಲಿ ಎಂಬುದು ಇನ್ನೊಂದು. ಒಳಗೆ ಬಂದ ಗಾಳಿ ಇಷ್ಟೇ ಇರುವಾಗ ಇದಕ್ಕಿಂತ ಹೆಚ್ಚು ಡೀಸೆಲ್ ಬಿಡಬೇಡ, ಹೊಗೆಯಾಗುತ್ತದೆ ಎಂದು ತಡೆಯುವುದು ಮತ್ತೊಂದು. ಸ್ಟೇರಿಂಗಿನ ಕೆಳಗಿನ ಓಬಿಡಿ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ ಈ ಕೋಷ್ಟಕಗಳ ಫೈಲನ್ನು ಓದಿ, ಅಂಕಿ ತಿದ್ದಿ, ತಿರುಗಿ ಬರೆಯುವುದೇ ರೀಮ್ಯಾಪ್. ಗಾಳಿಯ ಲೆಕ್ಕ ನೋಡದೆ ಡೀಸೆಲ್ ಮಾತ್ರ ಏರಿಸಿದರೆ ಒಲೆಗೆ ಹತ್ತಿಕಟ್ಟಿಗೆ ತುರುಕಿ ಊದದೆ ಬಿಟ್ಟ ಹಾಗೆ: ಉರಿ ಕಡಿಮೆ, ಹೊಗೆ ಹೆಚ್ಚು. ಇಂಜಿನ್ನಿನಲ್ಲಿ ಇದರ ಜೊತೆಗೆ ಟರ್ಬೊಗೆ ಹೋಗುವ ಹೊಗೆಯ ಕಾವೂ ಏರುತ್ತದೆ.

ರೀಮ್ಯಾಪ್ ಮೇಲೆ ನನಗೆ ಹಗೆಯಿಲ್ಲ. ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನಂಥವರು ಈ ವಿದ್ಯೆಯನ್ನು ನಮ್ಮ ದೇಶದಲ್ಲೇ ಬೆಳೆಸಿದರು, ಅದು ಹೆಮ್ಮೆಯ ಕೆಲಸ. ಒಳ್ಳೆಯ ಕೈ ತಿದ್ದಿದ ಮ್ಯಾಪಿನಲ್ಲಿ ಟರ್ಬೊ ಎಚ್ಚರಾಗುವ ಮುಂಚಿನ ಮಂಕುತನ ಇಳಿಯುತ್ತದೆ, ಮೇಲಿಂದ ಮೇಲೆ ಗೇರ್ ಇಳಿಸುವುದು ತಪ್ಪುತ್ತದೆ. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಲಾರಿಗಳನ್ನು ದಾಟಿಕೊಂಡು ದಿನಾ ರಾಯಚೂರಿಗೆ ಓಡಾಡುವವರಿಗೆ ಅದರ ಸುಖ ಗೊತ್ತಾಗುತ್ತದೆ.

ಹುಡುಗ ತನ್ನ ತುರುಫು ಎಲೆ ಇಳಿಸಿದ್ದು ಇಲ್ಲೇ. "ಕಾಕಾ, ನನ್ನ ಥಾರಿಂದು 2.2 ಲೀಟರ್, 130 ಕುದುರೆಶಕ್ತಿ. ಸ್ಕಾರ್ಪಿಯೊ-ಎನ್‌ದೂ 2.2 ಲೀಟರೇ, ಅದಕ್ಕ 170ರ ಮ್ಯಾಲ ಕೊಟ್ಟಾರ. ಅಂದಮ್ಯಾಲ ನಂದರಾಗೂ ಶಕ್ತಿ ಅದ, ಕಂಪನಿ ಮುಚ್ಚಿಟ್ಟದ ಅಂದಂಗಾತಲ್ಲ?"

ಈ ಮಾತಿನಲ್ಲಿ ಅರ್ಧ ನಿಜವಿದೆ. ಪ್ರತಿ ದೇಶದ ಡೀಸೆಲ್, ಹೊಗೆಯ ನಿಯಮ, ಸರ್ವೀಸ್ ಮಾಡಿಸದ ಮಾಲೀಕ, ಲಡಾಖಿನ ಚಳಿ, ನಮ್ಮ ಬಿಸಿಲು, ಎಲ್ಲವನ್ನೂ ತಾಳಲಿ ಎಂದು ಕಂಪನಿ ಒಂದಿಷ್ಟು ಅಂತರ ಉಳಿಸಿರುತ್ತದೆ. ರೀಮ್ಯಾಪ್ ತಿನ್ನುವುದು ಆ ಅಂತರವನ್ನೇ. ಉಳಿದರ್ಧ ತಿಳಿಯಬೇಕಾದರೆ ನಮ್ಮ ಬಿಡದಿಯಲ್ಲಿ ತಯಾರಾಗುವ ಫಾರ್ಚುನರ್ ನೋಡಬೇಕು. 2.8 ಲೀಟರಿನ ಅದೇ ಇಂಜಿನ್ 2016ರಲ್ಲಿ 177 ಪಿಎಸ್ ಇತ್ತು, 2021ರ ಜನವರಿಯಲ್ಲಿ 204 ಆಯಿತು. ಟೊಯೋಟಾದವರು ಬರೀ ಫೈಲ್ ತಿದ್ದಿ ಅದನ್ನು ಏರಿಸಲಿಲ್ಲ. ಟರ್ಬೊ ದೊಡ್ಡದು ಮಾಡಿದರು, ಪಿಸ್ಟನ್ ಬದಲಿಸಿದರು, ಸಿಲಿಂಡರ್ ಬ್ಲಾಕನ್ನು ಗಟ್ಟಿಗೊಳಿಸಿದರು. ಅಷ್ಟು ಮಾಡಿಯೂ ಆಟೊಮ್ಯಾಟಿಕ್ ಗಾಡಿಗೆ 500 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟು, ಮ್ಯಾನ್ಯುವಲ್ ಗಾಡಿಯನ್ನು 420ಕ್ಕೇ ನಿಲ್ಲಿಸಿದರು. ಹುಡುಗ ಹೇಳಿದ ಸ್ಕಾರ್ಪಿಯೊ-ಎನ್‌ನಲ್ಲೂ ಹಾಗೆಯೇ: ಆಟೊಮ್ಯಾಟಿಕ್ಕಿಗೆ 400, ಮ್ಯಾನ್ಯುವಲ್ಲಿಗೆ 370. ಇಂಜಿನ್ ಕೊಟ್ಟ ಎಳೆತವನ್ನು ಕ್ಲಚ್ ಪ್ಲೇಟು, ಗೇರ್ ಬಾಕ್ಸು ಹೊರಬೇಕಲ್ಲ! ಲ್ಯಾಪ್‌ಟಾಪಿನಲ್ಲಿ ಅಂಕಿ ಏರಿಸಿದವನು ಕ್ಲಚ್ ಪ್ಲೇಟನ್ನು ದಪ್ಪ ಮಾಡಿ ಕೊಡುವುದಿಲ್ಲ.

ಇಷ್ಟು ಹೇಳಿ ನಾನೇ ಕೇಳಿದೆ: "ನಿನಗ ಎಲ್ಲಿ ಕಮ್ಮಿ ಬಿದ್ದದ, ಅದು ಹೇಳು ಮೊದಲು."

"ಮಳಿ ಬಂದಾಗ್ರಿ. ಹೊಲದಾಗ ಹೂಳ್ತದ. ಎಕ್ಸಲೇಟರ್ ಎಷ್ಟು ಒತ್ತಿದ್ರೂ ಮ್ಯಾಲ ಬರಂಗಿಲ್ಲ."

"ಫೋರ್ ಲೋ ಹಾಕಿ ನೋಡೀದಿ?"

"ಇಲ್ರಿ. ಫೋರ್ ಹೈ ಹಾಕ್ತೀನ್ರಿ, ಸಾಕಾಗ್ತದ ಅಂತ."

ನನಗೆ ನಿಜಕ್ಕೂ ಸಂಕಟವಾಯಿತು. ಲಕ್ಷಗಟ್ಟಲೆ ಕೊಟ್ಟು ಫೋರ್ ಬೈ ಫೋರ್ ತಂದವರಲ್ಲಿ ಎಷ್ಟೋ ಮಂದಿ ಫೋರ್ ಲೋ ಹಾಕುವ ಆ ಸಣ್ಣ ಲಿವರನ್ನು ಕೊನೆಯ ತನಕ ಎಳೆಯುವುದೇ ಇಲ್ಲ. ಫೋರ್ ಲೋಗೆ ಹಾಕಿದಾಗ ಟ್ರಾನ್ಸ್‌ಫರ್ ಕೇಸಿನೊಳಗೆ ಇನ್ನೊಂದು ಜೊತೆ ಗೇರು ಕೂಡಿಕೊಳ್ಳುತ್ತದೆ. ಗಾಡಿಯ ವೇಗ ಇಳಿಯುತ್ತದೆ, ಗಾಲಿಗೆ ಮುಟ್ಟುವ ಎಳೆತ ಏರುತ್ತದೆ. ಎಷ್ಟು ಅಂದರೆ, ಇಂಥ ಬಹಳಷ್ಟು ಗಾಡಿಗಳಲ್ಲಿ ಎರಡೂವರೆ ಪಟ್ಟಿನ ಆಸುಪಾಸು. ರೀಮ್ಯಾಪ್ ಕೊಡುವುದು ನೂರಕ್ಕೆ ಇಪ್ಪತ್ತೈದು, ಲಿವರ್ ಕೊಡುವುದು ನೂರಕ್ಕೆ ನೂರೈವತ್ತು. ಒಂದು ಪೈಸೆ ಖರ್ಚಿಲ್ಲ, ಕ್ಲಚ್ ಸುಡುವುದಿಲ್ಲ, ವಾರಂಟಿ ಹೋಗುವುದಿಲ್ಲ.

ಇನ್ನು ನಮ್ಮ ಎರಿ ಮಣ್ಣು. ಕೃಷ್ಣೆ, ಭೀಮೆ ಕೂಡುವ ಈ ಸೀಮೆಯ ಕಪ್ಪು ಮಣ್ಣು ಒಣಗಿದಾಗ ಕಲ್ಲಿನಂತೆ, ನೆನೆದರೆ ಅಂಟು. ಟಯರಿನ ಗುಂಡಿಗಳಲ್ಲಿ ತುಂಬಿಕೊಂಡು ಗಾಲಿ ಬೋಳಾಗಿಬಿಡುತ್ತದೆ. ಅಲ್ಲಿ ಇಂಜಿನ್ ಸೋತಿರುವುದಿಲ್ಲ, ಟಯರಿನ ಹಿಡಿತ ಸೋತಿರುತ್ತದೆ. ಹಿಡಿತವಿಲ್ಲದ ಗಾಲಿಗೆ ಹೆಚ್ಚು ಶಕ್ತಿ ಕೊಟ್ಟರೆ ಅದು ಇನ್ನಷ್ಟು ಜೋರಾಗಿ ತಿರುಗಿ ತನ್ನ ಕುಣಿಯನ್ನು ತಾನೇ ತೋಡಿಕೊಳ್ಳುತ್ತದೆ. ಗಾಡಿ ಕೂತಾಗ ಎಕ್ಸಲೇಟರ್ ಬಿಟ್ಟು, ಟಯರಿನ ಗಾಳಿ ಸ್ವಲ್ಪ ಇಳಿಸಿ, ಫೋರ್ ಲೋದಲ್ಲಿ ಎರಡನೇ ಗೇರು ಹಾಕಿ ನಿಧಾನ ಎತ್ತಬೇಕು. ಡಾಂಬರು ರಸ್ತೆಗೆ ಬಂದ ಮೇಲೆ ಗಾಳಿ ತಿರುಗಿ ತುಂಬಬೇಕು, ಲಿವರನ್ನು ಟೂ ಹೈಗೆ ತರಬೇಕು. ಒಣ ರಸ್ತೆಯಲ್ಲಿ ಫೋರ್ ಹೈ, ಫೋರ್ ಲೋದಲ್ಲೇ ಓಡಿಸಿದರೆ ಗೇರುಗಳು ಬಿಗಿದುಕೊಳ್ಳುತ್ತವೆ. ಮೂವತ್ತು ಸಾವಿರ ಕೈಯಲ್ಲಿದ್ದರೆ ಮಣ್ಣಿಗೆ ಹೊಂದುವ ಟಯರಿನ ಕಡೆ ಹಾಕುವುದು ಮೇಲು.

ಬಿಸಿಲಿನ ಮಾತೂ ಆಡಬೇಕು. ಬೆಂಗಳೂರಿನ ತಂಪಿನಲ್ಲಿ ಶಕ್ತಿ ಅಳೆಯುವ ಡೈನೋ ಮೇಲೆ ನಿಲ್ಲಿಸಿ ತೆಗೆದ ಅಂಕಿಯನ್ನು ನಂಬಿ 42 ಡಿಗ್ರಿ ದಾಟಿದ ಮೇ ತಿಂಗಳ ಸೈದಾಪುರದಲ್ಲಿ ಗಾಡಿ ತುಂಬ ಜನ, ಬೀಜದ ಚೀಲ, ಏಸಿ ಎಲ್ಲ ಕೂಡಿಸಿ ಓಡಿಸಿದರೆ ಇಂಜಿನ್ನಿಗೆ ಉಸಿರಾಡಲು ಜಾಗವಿರುವುದಿಲ್ಲ. ಕಂಪನಿ ಉಳಿಸಿದ ಆ ಅಂತರ ನಮ್ಮಂಥ ಊರಿಗೇ ಬೇಕಾದದ್ದು. ಪಿಕಪ್ ನಿಜಕ್ಕೂ ಇಳಿದಿದ್ದರೆ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಬೇಕು. ಹೊಲದ ದೂಳು, ಜಿನ್ನಿಂಗ್ ಮಿಲ್ಲಿನ ಕಡೆಯ ಹತ್ತಿಯ ಎಳೆ, ಎರಡೂ ಸೇರಿ ಅದನ್ನು ಕಟ್ಟಿರುತ್ತವೆ. ಡೀಸೆಲ್ ಫಿಲ್ಟರಿನ ನೀರು, ಇಂಟರ್‌ಕೂಲರ್ ಪೈಪಿನ ಸೀಳು, ಮಸಿ ಹಿಡಿದ ಇಜಿಆರ್ ವಾಲ್ವ್ ಇವನ್ನು ಸರಿಪಡಿಸಿದರೆ ಹೋದ ಶಕ್ತಿ ತಾನೇ ಬರುತ್ತದೆ.

ನಾನು ಗಟ್ಟಿಯಾಗಿ ಬೇಡ ಎನ್ನುವುದು ಒಂದೇ: ಡಿಪಿಎಫ್ ತೆಗೆಸುವುದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಈ ಜಾಳಿಗೆ ಇದೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಸಣ್ಣ ಓಡಾಟವೇ ಆದರೆ ಅದು ಕಾಯುವುದಿಲ್ಲ, ಮಸಿ ಸುಡುವುದಿಲ್ಲ, ಲೈಟು ಹತ್ತುತ್ತದೆ. ಆಗ ಕೆಲವರು ರೀಮ್ಯಾಪ್ ಜೊತೆಗೆ ಅದನ್ನೂ ಕಿತ್ತು ಹಾಕಿಸುತ್ತಾರೆ. ಅದರ ಮಸಿ ಹೋಗುವುದು ಓಣಿಯ ಮಕ್ಕಳ ಎದೆಗೆ. ವಾರಕ್ಕೊಮ್ಮೆ ರಾಯಚೂರು ದಾರಿಯಲ್ಲಿ ಅರ್ಧ ತಾಸು ಒಂದೇ ವೇಗದಲ್ಲಿ ಓಡಿಸಿದರೆ ಬಹಳ ಸಲ ಆ ತೊಂದರೆ ಬರುವುದಿಲ್ಲ. ಇಸಿಎಂ ಒಳಗಿನ ನಾಲ್ಕು ಸಾಲು ಎಷ್ಟು ದೊಡ್ಡ ಸಂಗತಿ ಎಂಬುದನ್ನು 2015ರ ಸೆಪ್ಟೆಂಬರಿನಲ್ಲಿ ಜಗತ್ತೇ ನೋಡಿತು. ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ಇಳಿಸುವ ಸಾಫ್ಟ್‌ವೇರನ್ನು ಫೋಕ್ಸ್‌ವ್ಯಾಗನ್ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಇಟ್ಟಿತ್ತು. ಆ ಪ್ರಕರಣದಲ್ಲಿ ಭಾರತದಲ್ಲಿ ವಾಪಸ್ ಕರೆದ ಗಾಡಿಗಳೇ 3.23 ಲಕ್ಷ.

ಕಾನೂನೂ ಸಡಿಲವಿಲ್ಲ. ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಪ್ರತಿ ಬದಲಾವಣೆಗೆ ಮಾಲೀಕನಿಗೆ 5000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ ಎಂದಾಯಿತು. ಇನ್ಶೂರೆನ್ಸ್‌ನವರಿಗೆ ಹೇಳದೆ ಮಾಡಿಸಿದರೆ ಅಪಘಾತದ ದಿನ ಅವರು ಕೈ ಎತ್ತಲು ಅದೊಂದೇ ನೆಪ ಸಾಕು.

ಹುಡುಗ ಇನ್ನೂ ಯೋಚಿಸುತ್ತಿದ್ದಾನೆ. ಅವನಿಗೂ ನಿಮಗೂ ನನ್ನ ಮಾತು ಒಂದೇ: ಟಯರು, ಫಿಲ್ಟರು ಸರಿಯಿಟ್ಟು ಈ ಮಳೆಗಾಲವೊಂದನ್ನು ಕಂಪನಿಯ ಫೈಲಿನಲ್ಲೇ ಓಡಿಸಿ ನೋಡಿ. ವೈರಿನ ನಡುವೆ ಸಿಕ್ಕಿಸಿ ಸೆನ್ಸರಿನ ಮಾತು ತಿರುಚಿ ಇಸಿಎಂಗೆ ಸುಳ್ಳು ಹೇಳುವ ಅಗ್ಗದ ಡಬ್ಬಿಗಳ ಹತ್ತಿರ ಹೋಗಬೇಡಿ. ಆಮೇಲೂ ರೀಮ್ಯಾಪ್ ಬೇಕೆನಿಸಿದರೆ ಕಾಯ್ದೆ, ವಾರಂಟಿ, ವಿಮೆ ಮೂರನ್ನೂ ಲೆಕ್ಕ ಹಾಕಿಯೇ ಹೆಜ್ಜೆ ಇಡಿ. ಸ್ವಂತ ಡೈನೋ ಇಟ್ಟವರ ಹತ್ತಿರವೇ ಹೋಗಿ, ಮುಂಚಿನ ಮತ್ತು ನಂತರದ ಎರಡೂ ಅಂಕಿ ಕೇಳಿ, ಗಾಡಿಯ ಮೂಲ ಫೈಲಿನ ಪ್ರತಿಯನ್ನು ಕೈಗೆ ತೆಗೆದುಕೊಳ್ಳಿ. ಡಿಪಿಎಫ್ ಮಾತ್ರ ಯಾರು ಏನೇ ಹೇಳಿದರೂ ಮುಟ್ಟಿಸಬೇಡಿ.