ಟಿ.ಸಿ. ಮೀಮಾಂಸೆ

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಬೇರೆ ರಾಜ್ಯಕ್ಕೆ ವರ್ಗವಾಗಿ, ಲಾರಿಗೆ ಮುಂಗಡ ಕೊಟ್ಟು, ಹೊಸ ಊರಲ್ಲಿ ಇನ್ನೂ ಬಾಡಿಗೆ ಮನೆ ಗೊತ್ತಾಗದ ಗೃಹಸ್ಥ. ಬ್ರಹ್ಮಚಾರಿಗೂ ಸಂನ್ಯಾಸಿಗೂ ಇಲ್ಲಿ ಪ್ರವೇಶವಿಲ್ಲ.

ಮೊದಲು ಶಾಲೆ, ಆಮೇಲೆ ಅದರ ಪಕ್ಕದಲ್ಲೊಂದು ಮನೆ ಎಂಬುದು ಪೂರ್ವಪಕ್ಷ. ಆದರೆ ಶಾಲೆಯವರು ಅರ್ಜಿಯ ಜೊತೆ ವಿಳಾಸದ ದಾಖಲೆ ಕೇಳುತ್ತಾರೆ, ಬಾಡಿಗೆ ಕರಾರು ಹುಟ್ಟುವುದು ಮನೆ ಸಿಕ್ಕ ಮೇಲೆ. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯ ದೋಷವೆನ್ನುತ್ತಾರೆ. ಮನೆ ಬ್ರೋಕರು ಒಂದು ತಿಂಗಳ ಬಾಡಿಗೆ ಎನ್ನುತ್ತಾನೆ.

ಇನ್ನು ಪ್ರಮಾಣ ವಿಚಾರ. ಪ್ರತ್ಯಕ್ಷವೇ ಬಲವತ್ತರವೆಂದು ಹಳಬರು ನಂಬಿದ್ದರು, ಪಾಪ. ಕೌಂಟರಿನ ಮೇಲೆ ಗಲ್ಲವಿಟ್ಟು, ಕಟ್ಟಿಹಾಕಿದ ಪೆನ್ನಿನ ದಾರ ಎಳೆಯುತ್ತ ನಿಂತ ಹುಡುಗಿ ಮೂರನೇ ಕ್ಲಾಸು ಪಾಸಾಗಿದ್ದಾಳೆಂಬುದು ಅವಳಿಂದ ಸಿದ್ಧವಾಗದು. ಅದು ಟಿ.ಸಿ.ಯಿಂದ ಸಿದ್ಧ. ಟಿ.ಸಿ. ಬಿಇಒ ಮೇಲುಸಹಿಯಿಂದ, ಮೇಲುಸಹಿ ಮೊಹರಿನಿಂದ, ಮೊಹರು ಬೀರುವಿನ ಬೀಗದ ಕೈಯಿಂದ. ಬೀಗದ ಕೈ ಇಟ್ಟುಕೊಂಡವರು ಇವತ್ತು ರಜೆ. ಇದಕ್ಕೆ ಅನವಸ್ಥೆ ಎಂದು ಹೆಸರು.

ಹಾಗಾದರೆ ಶ್ರುತಿವಾಕ್ಯವೇ ಇಲ್ಲವೇ? ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮುಖ್ಯೋಪಾಧ್ಯಾಯರು ಟಿ.ಸಿ.ಯನ್ನು ತಕ್ಷಣ ಕೊಡಬೇಕು. ಅದು ತಡವಾಯಿತೆಂದು ಹೊಸ ಶಾಲೆ ಮಗುವನ್ನು ವಾಪಸು ಕಳಿಸಬಾರದು, ಕಾಯಿಸಲೂ ಬಾರದು. ಆದರೆ ಅದೇ ಸೆಕ್ಷನ್ನು ಅನುದಾನರಹಿತ ಖಾಸಗಿ ಶಾಲೆಗೆ ಹೋಗುವವರನ್ನು ಮೆಲ್ಲಗೆ ಹೊರಗಿಟ್ಟಿದೆ. ಈ ಅಪವಾದ ಗೃಹಸ್ಥನಿಗೆ ತಿಳಿದಿರುವುದಿಲ್ಲ. ಶಾಲೆಯ ಗುಮಾಸ್ತರಿಗೆ ಕಂಠಪಾಠ.

ಕಾಲನಿರ್ಣಯ ಇನ್ನೂ ಕಠಿಣ. ಒಂದನೇ ಕ್ಲಾಸಿಗೆ ತಮಿಳುನಾಡಿನಲ್ಲಿ 5 ತುಂಬಿದರೆ ಸಾಕು. ಕರ್ನಾಟಕದಲ್ಲಿ ಜೂನ್ 1ಕ್ಕೆ 6 ಆಗಿರಬೇಕೆಂಬುದು ನಿಯಮ (ಪಾಲಕರ ಕೂಗಿಗೆ ಸಡಿಲವಾದದ್ದೂ ಉಂಟು). ಆದ್ದರಿಂದ ಹೊಸೂರಿನಲ್ಲಿ ಬೆಂಚು ಹತ್ತಿದ ಐದೂಕಾಲು ವರ್ಷದ ಕೂಸು ಅತ್ತಿಬೆಲೆ ದಾಟಿದೊಡನೆ ಯುಕೆಜಿಗೆ ಇಳಿಯುತ್ತದೆ. ಧರ್ಮಸಿಂಧುವಿನಲ್ಲೂ ಇದಕ್ಕೆ ಪ್ರಾಯಶ್ಚಿತ್ತ ಹೇಳಿಲ್ಲ.

ಭಾಷೆಯ ಮಾತು ಚಿಕ್ಕದು. ತಮಿಳುನಾಡು 2006ರಲ್ಲಿ, ಕರ್ನಾಟಕ 2015ರಲ್ಲಿ, ಮಹಾರಾಷ್ಟ್ರ 2020ರಲ್ಲಿ ತಂತಮ್ಮ ನುಡಿಯನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿದವು. ಮೂರೂ ಕಡೆ ಅಲೆದ ಬ್ಯಾಂಕ್ ಮ್ಯಾನೇಜರರ ಮಗ ಮೂರು ಲಿಪಿಗಳಲ್ಲಿ ಬಸ್ಸಿನ ಬೋರ್ಡು ಓದಬಲ್ಲ. ಪರೀಕ್ಷೆಯಲ್ಲಿ ಬಸ್ಸಿನ ಬೋರ್ಡು ಕೇಳುವುದಿಲ್ಲ.

ಕೇಂದ್ರೀಯ ವಿದ್ಯಾಲಯದ್ದು ಬೇರೆಯೇ ದರ್ಶನ. ಅಲ್ಲಿ ಕಳೆದ 7 ವರ್ಷಗಳಲ್ಲಿ ತಂದೆ ಅಥವಾ ತಾಯಿಗೆ ಎಷ್ಟು ಸಲ ವರ್ಗವಾಯಿತೆಂದು ಎಣಿಸಿ ಆದ್ಯತೆ ಕೊಡುತ್ತಾರೆ. ಹೆಚ್ಚು ಅಲೆದವನಿಗೆ ಹೆಚ್ಚು ಪುಣ್ಯ. ಖಾಸಗಿ ಕಂಪನಿಯವನು ರಸ್ತೆಯ ಆಚೆ ನಿಂತು ಗೇಟಿಗೆ ಕೈಮುಗಿಯುತ್ತಾನೆ.

ಕೊನೆಯದು ತ್ರಿಶಂಕು ಪ್ರಕರಣ. ಮಗು ಊರು ಬಿಟ್ಟರೆ ಸಾಲದು, ಅದರ ನಂಬರೂ ಬಿಡಬೇಕು. ಯುಡೈಸ್ ಎಂಬ ಶಾಲಾ ದಾಖಲೆಗಳ ಸರ್ಕಾರಿ ಪೋರ್ಟಲಿನಲ್ಲಿ ಹಳೆ ಶಾಲೆ ಮಗುವನ್ನು ‘ಡ್ರಾಪ್ ಬಾಕ್ಸ್’ಗೆ ಹಾಕಬೇಕು, ಹೊಸ ಶಾಲೆ ಅಲ್ಲಿಂದ ಎತ್ತಿಕೊಳ್ಳಬೇಕು. ಹಳೆಯವರು ಹಾಕಿದ್ದೇವೆ ಎನ್ನುತ್ತಾರೆ, ಹೊಸಬರು ಕಾಣುತ್ತಿಲ್ಲ ಎನ್ನುತ್ತಾರೆ. ಎರಡು ಶಾಲೆಗಳ ನಡುವೆ ಹೀಗೆ ತಲೆಕೆಳಗಾಗಿ ನೇತಾಡುವ ಜೀವಕ್ಕೆ ಫೀಸು ಉಂಟೇ? ಈ ಒಂದು ವಿಷಯದಲ್ಲಿ ಮಾತ್ರ ದ್ವೈತಿಗಳಿಗೂ ಅದ್ವೈತಿಗಳಿಗೂ ಭೇದವಿಲ್ಲ: ಉಂಟು, ಜೂನ್‌ನಿಂದಲೇ, ಬಸ್ ಚಾರ್ಜು ಬೇರೆ.