ಬಾಗಿಲು ಕೂರಿಸುವ ಕ್ರಮ: ಅಮೆರಿಕದ ಮರದ ಮನೆಯವರಿಗೆ

ಅಮೆರಿಕದಲ್ಲಿ ಸಾಲ ಮಾಡಿ ಮರದ ಚೌಕಟ್ಟಿನ ಮನೆ ಕೊಂಡು, ಲಾಂಗ್ ವೀಕೆಂಡಿನಲ್ಲಿ ತಾವೇ ಬಾಗಿಲು ಬದಲಾಯಿಸುವ ಹುಮ್ಮಸ್ಸಿನಲ್ಲಿರುವ ಕನ್ನಡಿಗರಿಗಾಗಿ ಈ ಕೈಪಿಡಿ. ಬಡಗಿಯನ್ನು ಕರೆಸುವ ತಾಕತ್ತಿದ್ದವರು ಇಲ್ಲಿಗೇ ಓದು ನಿಲ್ಲಿಸಬಹುದು.

ಬೇಕಾಗುವ ಸಾಮಾನು: ಚೌಕಟ್ಟಿನ ಸಮೇತ ಬರುವ ಪ್ರೀಹಂಗ್ ಬಾಗಿಲು, ರಸಮಟ್ಟ, ಟೇಪು, ಸುತ್ತಿಗೆ, 3 ಅಂಗುಲದ ಸ್ಕ್ರೂಗಳು, ಸೀಡರ್ ಮರದ ಶಿಮ್ (ತೆಳು ಬೆಣೆ) ಒಂದು ಕಟ್ಟು, ಮತ್ತು ಬಾಗಿಲು ಹಿಡಿದು ನಿಂತಿದ್ದರೂ ಸಲಹೆ ಕೊಡದ ಒಬ್ಬ ಮನುಷ್ಯ. ಕೊನೆಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹೆಜ್ಜೆ 1. ಗೋಡೆ ತಟ್ಟಿ ನೋಡುವುದು

ಗೋಡೆ ಢಬಢಬ ಎನ್ನುತ್ತದೆ, ಹೆದರಬೇಡಿ. ಊರಿಂದ ಬಂದ ಮಾವನವರು ಈ ಸದ್ದು ಕೇಳಿ "ಏನ್ ಅಳಿಯಂದ್ರೇ, ರಟ್ಟಿನ ಮನೆಗೆ ಇಷ್ಟು ದುಡ್ಡು ಕೊಟ್ರಾ?" ಎಂದರೆ, ಒಳಗೆ 16 ಅಂಗುಲಕ್ಕೊಂದರಂತೆ ಮರದ ಕಂಬಗಳು, ಅಂದರೆ ಟೂ ಬೈ ಫೋರ್ ಸ್ಟಡ್‌ಗಳು ನಿಂತಿವೆ ಎಂದು ಗತ್ತಿನಿಂದ ಹೇಳಿ. ಟೇಪು ಮಾತ್ರ ಅವರ ಕೈಗೆ ಕೊಡಬೇಡಿ. ಟೂ ಬೈ ಫೋರ್ ಎಂಬುದು ಹೆಸರು ಅಷ್ಟೇ. ಒಣಗಿಸಿ ಹತ್ತರಿ ಹೊಡೆದ ಮೇಲೆ ಉಳಿಯುವುದು ಒಂದೂವರೆಗೆ ಮೂರೂವರೆ ಅಂಗುಲ.

ಹೆಜ್ಜೆ 2. ನಕ್ಷೆ ಓದುವುದು

ಪ್ಲಾನಿನಲ್ಲಿ ಬಾಗಿಲು ಎಂದರೆ ಗೋಡೆಯಿಂದ ಹೊರಟ ಒಂದು ಗೆರೆ, ಅದರ ತುದಿಯಿಂದ ಕಾಲು ವೃತ್ತದ ಒಂದು ಕಮಾನು. ಕದ ಎಲ್ಲಿಯವರೆಗೆ ಬೀಸುತ್ತದೆ ಎಂಬುದನ್ನು ಕಮಾನು ಹೇಳುತ್ತದೆ. ಅದರೊಳಗೆ ಫ್ರಿಜ್ಜು, ಕಮೋಡು, ಚಪ್ಪಲಿ ಸ್ಟ್ಯಾಂಡು ಯಾವುದೂ ಬರಕೂಡದು. ಬಚ್ಚಲುಮನೆಯೊಳಗೆ ಹೋಗಿ, ಮೂಲೆಗೆ ಸರಿದು, ಬಾಗಿಲು ಹಾಕಿ, ಆಮೇಲೆ ಮುಂದೆ ಬರಬೇಕಾದ ಮನೆಗಳನ್ನು ನೀವು ನೋಡಿರುತ್ತೀರಿ. ಅವೆಲ್ಲ ಈ ಕಮಾನನ್ನು ಅಲಂಕಾರ ಎಂದುಕೊಂಡವರು ಕಟ್ಟಿಸಿದವು.

ಪಕ್ಕದಲ್ಲಿ 2868 ಎಂದು ಬರೆದಿದ್ದರೆ ಅದು ಬೆಲೆಯಲ್ಲ. 2 ಅಡಿ 8 ಅಂಗುಲ ಅಗಲ, 6 ಅಡಿ 8 ಅಂಗುಲ ಎತ್ತರ ಎಂದರ್ಥ. ಎದುರುನೋಟದ ಚಿತ್ರದಲ್ಲಿ ಕದದ ಮೇಲೆ ಎರಡು ತುಂಡುಗೆರೆಗಳು ಬಾಣದ ಮೊನೆಯಂತೆ ಕೂಡಿರುತ್ತವೆ. ಆ ಮೊನೆ ತೋರಿಸುವುದು ಹಿಂಜಿನ ಕಡೆಗೆ, ಹಿಡಿಯ ಕಡೆಗಲ್ಲ. ಮರದ ಗೋಡೆಯಲ್ಲಿ ಬಾಗಿಲಿನ ಜಾಗವನ್ನು ಅದರ ನಡುಗೆರೆಗೆ ಅಳೆದು ಗುರುತಿಸುವುದು ರೂಢಿ. ಇಟ್ಟಿಗೆ ಗೋಡೆಯ ಅಭ್ಯಾಸದವರು ಅಂಚಿಗೆ ಅಳೆದು ಎಲ್ಲವನ್ನೂ ಅರ್ಧ ಬಾಗಿಲಿನಷ್ಟು ಪಕ್ಕಕ್ಕೆ ತಳ್ಳಿಬಿಡುತ್ತಾರೆ.

ಅಂಗಡಿಯವನು "ರೈಟ್ ಹ್ಯಾಂಡೋ ಲೆಫ್ಟ್ ಹ್ಯಾಂಡೋ?" ಎಂದು ಕೇಳುತ್ತಾನೆ. ನಾಚಿಕೆ ಬಿಟ್ಟು ನಿಮ್ಮ ಹಳೆಯ ಬಾಗಿಲಲ್ಲಿ ಹಿಂಜಿಗೆ ಬೆನ್ನು ಕೊಟ್ಟು ನಿಲ್ಲಿ. ಕದ ನಿಮ್ಮ ಬಲಗಡೆಗೆ ತೆರೆದರೆ ರೈಟ್, ಎಡಗಡೆಗಾದರೆ ಲೆಫ್ಟ್. ಅಂಗಡಿಯಲ್ಲಿ ನಿಂತು ಗಾಳಿಯಲ್ಲಿ ಕೈಬೀಸಿ ನೆನಪಿಸಿಕೊಂಡವರು ಮತ್ತೊಮ್ಮೆ ಅಂಗಡಿಗೆ ಬರುತ್ತಾರೆ.

ಹೆಜ್ಜೆ 3. ಜಾತಿ ಆರಿಸುವುದು

ಒಳಕೋಣೆಗಳಿಗೆ ಹಾಲೋ ಕೋರ್: ಎರಡು ತೆಳು ಹಾಳೆ, ನಡುವೆ ಜೇನುಗೂಡಿನಂಥ ರಟ್ಟು. ಮಾವನವರು ಅರ್ಧ ಸತ್ಯ ಹೇಳಿದ್ದು ಇಲ್ಲಿ. ಅಗ್ಗ, ಹಗುರ, ಆದರೆ ಪಕ್ಕದ ಕೋಣೆಯ ಗೊರಕೆ ಪೂರ್ತಿ ಕೇಳುತ್ತದೆ. ಗೋಡೆಯೊಳಗೆ ಸರಿದು ಅಡಗುವ ಪಾಕೆಟ್ ಬಾಗಿಲು ಜಾಗ ಉಳಿಸುತ್ತದೆ, ಆದರೆ ಆ ಗೋಡೆಯಲ್ಲಿ ವೈರು, ಪೈಪು ಹಾಯಿಸುವಂತಿಲ್ಲ. ಉದ್ದದ ಮೊಳೆ ಹೊಡೆದು ಪಟ ನೇತುಹಾಕಿದರೆ ಬಾಗಿಲು ಒಳಗೇ ಸಿಕ್ಕಿಕೊಳ್ಳುತ್ತದೆ. ಗೋಡೆಯ ಹೊರಮೈಯಲ್ಲಿ ನೇತಾಡುತ್ತ ಸರಿಯುವ ಬಾರ್ನ್ ಡೋರ್ ಫ್ಯಾಷನ್. ಬಚ್ಚಲಿಗೆ ಹಾಕಿಸಿದವರ ಬಗ್ಗೆ ಮಾತಾಡದಿರುವುದು ಮೇಲು. ಗ್ಯಾರೇಜಿನಿಂದ ಮನೆಯೊಳಗೆ ಬರುವ ಬಾಗಿಲಿಗೆ ಮಾತ್ರ ಚೌಕಾಸಿ ಬೇಡ: 1⅜ ಅಂಗುಲ ದಪ್ಪದ ಗಟ್ಟಿ ಮರ ಅಥವಾ ಸ್ಟೀಲು, ಇಲ್ಲವೇ 20 ನಿಮಿಷ ಬೆಂಕಿ ತಡೆಯುವಂಥದ್ದು ಎಂದು ವಸತಿ ಕಟ್ಟಡ ಸಂಹಿತೆಯೇ ಕೇಳುತ್ತದೆ.

ಹೆಜ್ಜೆ 4. ಬಾಗಿಲಿಗಿಂತ ದೊಡ್ಡ ತೂತು

32 ಅಂಗುಲದ ಬಾಗಿಲಿಗೆ ಗೋಡೆಯಲ್ಲಿ 34 ಅಂಗುಲ ಬಿಡಬೇಕು, 80ರ ಎತ್ತರಕ್ಕೆ ಎಂಬತ್ತೆರಡೂವರೆ. ಇದಕ್ಕೆ ರಫ್ ಓಪನಿಂಗ್ ಎನ್ನುತ್ತಾರೆ. ಮೇಲೆ ಅಡ್ಡಕ್ಕೆ ಹೆಡರ್, ಅದನ್ನು ಹೊತ್ತು ನಿಂತ ಕುಳ್ಳ ಜ್ಯಾಕ್ ಸ್ಟಡ್, ಪಕ್ಕದಲ್ಲಿ ಅದಕ್ಕೆ ಮೊಳೆ ಹೊಡೆಸಿಕೊಂಡು ನಿಂತ ಎತ್ತರದ ಕಿಂಗ್ ಸ್ಟಡ್. ಭಾರ ಹೊರುವವನು ಜ್ಯಾಕ್, ಹೆಸರು ರಾಜನದು. ಹೆಡರಿಗೆ ಒಂದೂವರೆ ಅಂಗುಲದ ಎರಡು ಹಲಗೆ, ನಡುವೆ ಅರ್ಧ ಅಂಗುಲದ ಪ್ಲೈವುಡ್. ಕೂಡಿದರೆ ಸ್ಟಡ್ಡಿನ ಅಗಲ ಮೂರೂವರೆಗೆ ಸರಿಹೋಗುತ್ತದೆ. ಆ ಮೂರೂವರೆಗೆ ಎರಡೂ ಕಡೆ ಅರ್ಧರ್ಧ ಅಂಗುಲ ಡ್ರೈವಾಲ್, ಜೊತೆಗೆ ಕೂದಲೆಳೆಯಷ್ಟು ಉದಾರತೆ ಸೇರಿಸಿದರೆ ಬಾಗಿಲವಾಡದ ಅಗಲ 4 9/16 ಅಂಗುಲ. ಅಂಗಡಿಯಲ್ಲಿ ಈ ವಿಚಿತ್ರ ಭಿನ್ನರಾಶಿ ಕಂಡು ನಗುವವರು ಮೊದಲು ಲೆಕ್ಕ ಹಾಕಲಿ.

ಇಲ್ಲದ ಕಡೆ ಹೊಸ ತೂತು ತೆಗೆಯುವ ಆಸೆಯಿದ್ದರೆ ಪರ್ಮಿಟ್ ಪಡೆಯಿರಿ. ಗೋಡೆಯ ಮೇಲೆ ಮಹಡಿ ಕೂತಿರಬಹುದು.

ಹೆಜ್ಜೆ 5. ಹೊಸ್ತಿಲು

ಅವಸರ ಮಾಡಬಾರದ ಜಾಗ ಇದೊಂದೇ. ಹೊರಬಾಗಿಲಿನ ಕೆಳಗೆ ಅಲ್ಯುಮಿನಿಯಂ ಹೊಸ್ತಿಲು, ಅದರ ಕೆಳಗೆ ಪ್ಲೈವುಡ್ಡಿನಂಥ ಒತ್ತುಹಲಗೆಯ ನೆಲ. ಮಳೆಯ ನೀರು ಇಂದಲ್ಲ ನಾಳೆ ಹೊಸ್ತಿಲಿನ ಅಡಿಗೆ ಹೋಗಿಯೇ ಹೋಗುತ್ತದೆ. ಹೋದ ನೀರು ಹೊರಗೆ ಬರಲು ದಾರಿಯಿರಬೇಕು. ಅದಕ್ಕೇ ಮೊದಲು ಸಿಲ್ ಪ್ಯಾನ್: ಹಿಂದೆ ಮತ್ತು ಎರಡೂ ಪಕ್ಕ ಅಂಚು ಎದ್ದಿರುವ, ಮುಂದೆ ತೆರೆದ, ಹೊರಗಡೆಗೆ ಇಳಿಜಾರಾದ ತಟ್ಟೆ. ಇದನ್ನು ಬಿಟ್ಟು ಬಾಗಿಲಿನ ಪಾಲಿಶಿಗೆ ದುಡ್ಡು ಸುರಿದವರ ನೆಲ ಬಾಗಿಲಿಗಿಂತ ಮೊದಲೇ ಲಡ್ಡಾಗುತ್ತದೆ.

ಅರಿಶಿನ ಹಚ್ಚುವವರ ಗಮನಕ್ಕೆ: ಅಡ್ಡಿಯಿಲ್ಲ, ಹಚ್ಚಿ. ಆದರೆ ಅನೇಕ ಹೊಸ್ತಿಲುಗಳ ಮೇಲೆ ಸಾಲಾಗಿ ಕಾಣುವ ಸ್ಕ್ರೂಗಳು ಕುಂಕುಮ ಇಡಲೆಂದು ಮಾಡಿದ ಗುಳಿಗಳಲ್ಲ. ಅವನ್ನು ತಿರುಗಿಸಿದರೆ ಹೊಸ್ತಿಲಿನ ಪಟ್ಟಿ ಏರಿಳಿದು ಕದದ ಕೆಳಗಿನ ಸಂದು ಮುಚ್ಚುತ್ತದೆ. ಕತ್ತಲಾದ ಮೇಲೆ ಒಬ್ಬರು ಹೊರಗೆ ಟಾರ್ಚ್ ಹಿಡಿಯಲಿ, ಒಳಗೆ ಬೆಳಕು ಬಂದ ಕಡೆ ಚಳಿಯೂ ಬರುತ್ತದೆ. ತೋರಣದ ಮೊಳೆ ಮೇಲಿನ ಟ್ರಿಮ್ ಪಟ್ಟಿಗೆ ಹೊಡೆಯಿರಿ, ರಬ್ಬರ್ ಸೀಲಿಗಲ್ಲ.

ಹೆಜ್ಜೆ 6. ನಿಲ್ಲಿಸುವುದು

ಚೌಕಟ್ಟನ್ನು ತೂತಿನಲ್ಲಿ ನಿಲ್ಲಿಸಿ, ಹಿಂಜಿನ ಕಡೆಯ ಕಂಬವನ್ನು ಮೊದಲು ರಸಮಟ್ಟಕ್ಕೆ ತನ್ನಿ. ಪ್ರತಿ ಹಿಂಜಿನ ಹಿಂದೆ ಎರಡು ಶಿಮ್ ಎದುರುಬದುರಾಗಿ ತೂರಿಸಿ. ಕದದ ಸುತ್ತ ⅛ ಅಂಗುಲ ಸಂದು ಒಂದೇ ಸಮನಾಗಿ ಓಡಬೇಕು. ಮೇಲಿನ ಹಿಂಜಿನ ಒಂದು ಪುಟ್ಟ ಸ್ಕ್ರೂ ತೆಗೆದು 3 ಅಂಗುಲದ್ದನ್ನು ಹಾಕಿ. ಅದು ಚೌಕಟ್ಟು ದಾಟಿ ಜ್ಯಾಕ್ ಸ್ಟಡ್ಡನ್ನು ಕಚ್ಚಿದರೆ ಕದ ಜೋತುಬೀಳುವುದಿಲ್ಲ. ಬೀಗದ ನಾಲಗೆ ಕೂರುವ ತಗಡಿಗೂ ಅದೇ ಉದ್ದದ ಸ್ಕ್ರೂ ಹಾಕಿ. ಕಳ್ಳ ಒದ್ದಾಗ ಮುರಿಯುವುದು ಬೀಗವಲ್ಲ, ಆ ತಗಡು ಕೂತ ಮರ.

ಸುತ್ತಲಿನ ಸಂದು, ಶಿಮ್, ಸುತ್ತಿಗೆಯ ಏಟು ಎಲ್ಲವನ್ನೂ ಟ್ರಿಮ್ ಪಟ್ಟಿ ಮುಚ್ಚುತ್ತದೆ. ನಿಮ್ಮ ಕೆಲಸವನ್ನು ಹೊಗಳುವವರು ನೋಡುವುದು ಆ ಪಟ್ಟಿಯನ್ನೇ.

ಮರದ ಕದವಾದರೆ ನೇತುಹಾಕುವ ಮುಂಚೆಯೇ ಆರೂ ಮುಖಗಳಿಗೆ ಬಣ್ಣ ಬಳಿಯಿರಿ, ಯಾರಿಗೂ ಕಾಣದ ತಲೆ ಮತ್ತು ತಳಕ್ಕೂ. ಅದನ್ನು ಬಿಟ್ಟರೆ ತೇವ ಹೀರಿ ಕದ ಸೊಟ್ಟಗಾದಾಗ ಹೆಚ್ಚಿನ ಕಂಪನಿಗಳು ವಾರಂಟಿ ಕೊಡುವುದಿಲ್ಲ.